ಕಿಟಕಿ ಪಕ್ಕದ ಜಾಗ

ಜನವರಿ 14

ಬೀಗಿತ್ತಿಯವರಿಗೆ,

ಕೈಯಲ್ಲೇ ಫೋನಿರುವಾಗ ಇವರೇಕೆ ಕಾಗದ ಬರೆಯುತ್ತಾರೆ ಎಂದು ನಿಮಗೆ ಅನ್ನಿಸಬಹುದು. ನಮ್ಮ ಮನೆ ಎಷ್ಟಗಲ ಎಂದು ನೀವೇ ನೋಡಿದ್ದೀರಿ. ಇಲ್ಲಿ ಫೋನಿನಲ್ಲಿ ಒಂದು ಮಾತಾಡಿದರೆ ಅಡುಗೆಮನೆಯಿಂದ ನಿಮ್ಮ ಮಗಳು, ಬಚ್ಚಲಿನಿಂದ ನನ್ನ ಮಗ, ಇಬ್ಬರೂ ಉತ್ತರ ಕೊಡುತ್ತಾರೆ. ಅದಕ್ಕೇ ಕಾಗದ.

ನಮ್ಮ ಹಾಲ್ ಅನ್ನು ಹೊಸದು ಮಾಡುವುದೆಂದು ತೀರ್ಮಾನವಾಗಿದೆ. ನನ್ನ ಮದುವೆಯ ಕಾಲದ ಮರದ ಸೋಫಾದ ಒಂದು ಕಾಲು ಲಟ್ಟೆಂದಿತು, ಮಗ ಅದರ ಮೇಲೆ ಕೂತು ಪೇಪರ್ ಓದುತ್ತಿದ್ದಾಗಲೇ. ಅವನಿಗೇನೂ ಆಗಲಿಲ್ಲ. ಇನ್ನು ನಮ್ಮ ಮೊಮ್ಮಗಳು ಗುಂಡಿಯ ವಿಷಯ ನಿಮಗೆ ಗೊತ್ತೇ ಇದೆ. ಮೂರು ವರ್ಷ ತುಂಬುವ ಮೊದಲೇ ಟೀಪಾಯಿಯ ನಾಲ್ಕು ಮೂಲೆಗೂ ಹಣೆ ಕೊಟ್ಟು ಬಂದಿದ್ದಾಳೆ. ಮಗು ಓಡಾಡುವ ಮನೆಗೆ ತಕ್ಕ ಹಾಲ್ ಬೇಕು ಎಂದು ಮಗನೂ ಹೇಳಿದ.

ನನ್ನ ಮನಸ್ಸಿನಲ್ಲಿ ಒಂದು ಲೆಕ್ಕಾಚಾರವಿತ್ತು. ಗೋಡೆಗೆ ಒತ್ತಿ ಉದ್ದದ ಸೋಫಾ. ಆಟದ ಸಾಮಾನು ತುಂಬಲು ಮುಚ್ಚಳದ ಪೆಟ್ಟಿಗೆ, ಮೇಲೆ ಕೂರಲೂ ಆಗಬೇಕು. ದಪ್ಪ ಪರದೆ. ಕಿಟಕಿ ಪಕ್ಕದಲ್ಲಿ ನನ್ನ ಹೊಲಿಗೆ ಮಿಷಿನ್ ಈಗ ಇರುವ ಹಾಗೇ ಇರಲಿ. ಹೊಲಿಗೆ ಅಂಗಡಿ ಮುಚ್ಚಿದ ಮೇಲೂ ಕೈ ಸುಮ್ಮನಿರುವುದಿಲ್ಲ, ಬೆಳಕು ಬೇಕು.

ಇಷ್ಟನ್ನೂ ನಿಮ್ಮ ಮಗಳ ಮುಂದೆ ಇಟ್ಟೆ. ಅವಳು, ಅತ್ತೆ, ಒಂದು ಸಲ ಅಮ್ಮನನ್ನೂ ಕೇಳೋಣ, ಸೋಫಾ ಅಂಗಡಿಯಲ್ಲೇ ಕೆಲಸ ಮಾಡಿದವರಲ್ಲವೇ ಎಂದಳು. ನಿಜವೇ. ನಾನು ಬಟ್ಟೆ ಹೊಲಿದವಳು, ನೀವು ಸೋಫಾ ಮಾರಿದವರು. ಹಾಗಾಗಿ ಕೇಳುತ್ತಿದ್ದೇನೆ. ತೋಚಿದ್ದನ್ನು ತಿಳಿಸಿ. ಅವಸರವೇನಿಲ್ಲ.

ನಿಮ್ಮ ಅಳಿಯನ ತಾಯಿ


ಜನವರಿ 22

ಬೀಗಿತ್ತಿಯವರಿಗೆ,

ನನ್ನನ್ನು ಕೇಳಿದಿರಲ್ಲ, ಅದೇ ದೊಡ್ಡ ಮಾತು. ಕಾಗದ ಬಂದ ದಿನ ಮಧ್ಯಾಹ್ನ ನಿದ್ದೆಯೇ ಬರಲಿಲ್ಲ. ನಮ್ಮವರು ಸೈಕಲ್ ಅಂಗಡಿಯಿಂದ ಊಟಕ್ಕೆ ಬಂದಾಗ ನಾನು ನೆಲದ ಮೇಲೆ ಸೀಮೆಸುಣ್ಣದಲ್ಲಿ ನಿಮ್ಮ ಹಾಲ್ ಬರೆದುಕೊಂಡು ಕೂತಿದ್ದೆ. ಅನ್ನಕ್ಕೆ ತಟ್ಟೆ ಎಲ್ಲಿಡಲಿ, ಸೋಫಾ ಮೇಲೋ ದಿವಾನದ ಮೇಲೋ ಎಂದು ಕೇಳಿದರು.

ನನಗೆ ತೋಚಿದ್ದು ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಎಲ್ಲವನ್ನೂ ಗೋಡೆಗೆ ಒತ್ತಿದರೆ ಹಾಲ್ ದವಾಖಾನೆಯ ಹೊರಗಿನ ಬೆಂಚಿನ ಹಾಗೆ ಕಾಣುತ್ತದೆ. ಸೋಫಾ ಚಿಕ್ಕದಿರಲಿ, ಅದರ ಎದುರಿಗೆ ಒಂದು ಕುರ್ಚಿ, ಕೂತವರು ಒಬ್ಬರ ಮುಖ ಒಬ್ಬರು ನೋಡುವ ಹಾಗೆ. ಬಾಗಿಲಿನಿಂದ ಅಡುಗೆಮನೆಗೆ ಹೋಗುವವರು ಮಾತಾಡುತ್ತ ಕೂತವರ ನಡುವೆ ನುಗ್ಗಬಾರದು, ಆ ದಾರಿ ಬಿಟ್ಟುಬಿಡಿ. ಟೀಪಾಯಿ ದುಂಡಗಿನದು. ಸೋಫಾಕ್ಕೆ ಜಿಪ್ ಇರುವ ಕವರ್, ಚೆಲ್ಲಿದರೆ ಬಿಚ್ಚಿ ಒಗೆಯಬಹುದು. ಬಣ್ಣ ಹಸಿರುಬೂದು, ಕೊಳೆ ಹಿಡಿಯದು. ಹೊಲಿಯುವುದು ಹೇಗೂ ನಿಮ್ಮ ಕೈಯ ಕೆಲಸ, ಅದರಲ್ಲಿ ನನ್ನ ಮಾತೇನೂ ಇಲ್ಲ.

ಕಿಟಕಿ ಪಕ್ಕಕ್ಕೆ ಒಂದು ದಿವಾನ ಹಾಕಿಸಿ. ಮಗು ಅಲ್ಲಿ ಮಲಗಿ ಚಿತ್ರದ ಪುಸ್ತಕ ನೋಡಬಹುದು. ನಾನು ಬಂದಾಗ ಯಾರಿಗೂ ತೊಂದರೆ ಕೊಡದೆ ಅಲ್ಲೇ ಮಲಗಬಹುದು. ಮಿಷಿನ್ ನಿಮ್ಮ ಕೋಣೆಯಲ್ಲಿದ್ದರೇ ಚೆನ್ನ ಅಲ್ಲವೇ? ಸೂಜಿ, ಕತ್ತರಿ, ಮಗುವಿನ ಕೈ.

ನಿಮ್ಮ ಸೊಸೆಯ ತಾಯಿ


ಫೆಬ್ರವರಿ 16

ಬೀಗಿತ್ತಿಯವರಿಗೆ,

ಹಾಲ್ ತಯಾರಾಯಿತು. ನೀವು ಬರೆದ ಹಾಗೇ, ಒಂದು ಗೇಣೂ ಆಚೀಚೆ ಆಗದೆ. ನಿಮ್ಮ ಮಗಳು ಆ ಕಾಗದವನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಕೊಂಡು ಬಡಗಿಗೆ ಓದಿ ಹೇಳುತ್ತಿದ್ದಳು. ನನ್ನ ಪೆಟ್ಟಿಗೆಯ ಮಾತು ಎಲ್ಲಿ ಹೋಯಿತೋ ಗೊತ್ತಿಲ್ಲ. ಆಟದ ಸಾಮಾನು ಈಗ ದಿವಾನದ ಕೆಳಗಿನ ಡ್ರಾಯರಿಗೆ ಹೋಗಿದೆ.

ಚೆನ್ನಾಗಿಲ್ಲ ಎಂದರೆ ನನ್ನ ನಾಲಿಗೆ ಬಿದ್ದುಹೋದೀತು. ಚೆನ್ನಾಗಿದೆ. ಬಂದವರೆಲ್ಲ ಮೊದಲು ಅದನ್ನೇ ಹೇಳುತ್ತಾರೆ. ಪಕ್ಕದ ಮನೆಯಾಕೆ ಸೋಫಾದ ಮೇಲೆ ಕೈಯಾಡಿಸಿ, ಯಾರ ಐಡಿಯಾ ಎಂದು ಕೇಳಿದಳು. ನನ್ನ ಮಗ, ನಮ್ಮತ್ತೆಯದು ಎಂದ. ಹೊಲಿದವಳು ಅಲ್ಲೇ ಟೀ ಹಿಡಿದು ನಿಂತಿದ್ದೆ. ಆ ಕವರಿನ ಅಂಚಿನ ಸುತ್ತ ನಾನು ಹೊಲಿದ ಪೈಪಿಂಗ್ ಪಟ್ಟಿ ಇದೆಯಲ್ಲ, ಅದರ ಒಂದು ಮೂಲೆ ತಿರುಗಿಸುವಷ್ಟರಲ್ಲಿ ಬೇರೆಯವರಾದರೆ ಕಣ್ಣೀರು ಹಾಕುತ್ತಿದ್ದರು. ಇರಲಿ, ಪೈಪಿಂಗ್ ಯಾರ ಕಣ್ಣಿಗೆ ಬೀಳುತ್ತದೆ.

ಮಿಷಿನ್ ನನ್ನ ಕೋಣೆಗೆ ಬಂತು. ಅಲ್ಲಿ ಬೆಳಿಗ್ಗೆಯೂ ದೀಪ ಬೇಕು. ಮೊದಲು ನಾನು ಹೊಲಿಯುತ್ತಿದ್ದರೆ ಗುಂಡಿ ಕಾಲ ಬಳಿ ಕೂತು ಚೂರುಬಟ್ಟೆ ಆರಿಸುತ್ತಿದ್ದಳು. ಈಗ ದಿವಾನ ಬಿಟ್ಟು ಏಳುವುದಿಲ್ಲ. ನಿನ್ನೆ ಒಂದು ಬನಿಯನ್ನಿನ ದಾರ ಕತ್ತರಿಸೋಣವೆಂದು ಬೆಳಕಿಗಾಗಿ ಅಲ್ಲಿ ಹೋಗಿ ಕೂತೆ. "ಮಿಷಿನ್ ಅಜ್ಜಿ, ಇದು ಬಸ್ಸಜ್ಜಿ ಕಿಟಕಿ" ಎಂದಳು.

ನಾನು ಮಿಷಿನ್ ಅಜ್ಜಿ. ಬಸ್ಸಿನಲ್ಲಿ ಬರುವ ನೀವು ಬಸ್ಸಜ್ಜಿ. ಹೆಸರಿಟ್ಟವಳು ಅವಳೇ. ಎದ್ದು ಒಳಗೆ ಬಂದೆ.

ನಿಮಗೆ ಸಂತೋಷವಾಗಲಿ ಎಂದೇ ಬರೆದಿದ್ದೇನೆ.

ನಿಮ್ಮ ಅಳಿಯನ ತಾಯಿ


ಫೆಬ್ರವರಿ 27

ಬೀಗಿತ್ತಿಯವರಿಗೆ,

ನಿಮ್ಮ ಕಾಗದವನ್ನು ನಮ್ಮವರಿಗೆ ಓದಿ ಹೇಳಿದೆ. ಹೊಗಳಿದ್ದಾರೋ ಬೈದಿದ್ದಾರೋ ಎಂದು ಕೇಳಿದರು. ಹೊಗಳಿದ್ದಾರೆ ಎಂದೆ.

ನನ್ನದೂ ಒಂದು ಮಾತು ಕೇಳಿ. ನೀವು ದಿನಾ ಬೆಳಿಗ್ಗೆ ಆ ಮಗುವಿನ ತಲೆ ಬಾಚುತ್ತೀರಿ. ಕೆಮ್ಮಿದರೆ ಬೆನ್ನು ತಟ್ಟುತ್ತೀರಿ. ನನಗೆ ಭಾನುವಾರ ಫೋನಿನಲ್ಲಿ ಅದರ ಮುಖ ಕಾಣುವುದಿಲ್ಲ, ಒಂದು ಮೂಗಿನ ಹೊಳ್ಳೆ ಕಾಣುತ್ತದೆ, ಇಲ್ಲವೇ ಛಾವಣಿ. "ಅಜ್ಜಿಗೆ ಟಾಟಾ ಮಾಡು" ಎಂದು ನಿಮ್ಮ ದನಿ ಕೇಳುತ್ತದೆ. ಮಾತು ಶುರುವಾಗುವ ಮೊದಲೇ ಟಾಟಾ. ಒಂದು ಕಿಟಕಿಗೆ ನನ್ನ ಹೆಸರು ಬಿದ್ದರೆ ನಿಮ್ಮ ಗಂಟೇನು ಹೋಯಿತು? ನೀವು ಮಗುವನ್ನೇ ಇಟ್ಟುಕೊಂಡಿದ್ದೀರಿ.

ಹೀಗೆಲ್ಲ ಬರೆಯಬೇಕೆಂದಿರಲಿಲ್ಲ. ಬರೆದದ್ದು ಹೊಡೆದುಹಾಕಿದರೆ ಇನ್ನೂ ಕೆಟ್ಟದಾಗಿ ಕಾಣುತ್ತದೆ ಎಂದು ಹಾಗೇ ಬಿಟ್ಟಿದ್ದೇನೆ.

ಹಾಲ್‌ಗೆ ಒಂದು ಕಾರ್ಪೆಟ್ ಪಾರ್ಸೆಲ್ ಮಾಡಿದ್ದೇನೆ, ಟೀಪಾಯಿಯ ಕೆಳಗೆ ಹಾಕಿಸಿ. ಮಾರ್ಚ್ ಮಧ್ಯದಲ್ಲಿ ನಾನೇ ಬರುತ್ತೇನೆ. ಎರಡು ವಾರ ಇರುವ ಮನಸ್ಸಿದೆ, ನಿಮಗೆ ತೊಂದರೆ ಇಲ್ಲದಿದ್ದರೆ.

ನಿಮ್ಮ ಸೊಸೆಯ ತಾಯಿ


ಏಪ್ರಿಲ್ 3

ಬೀಗಿತ್ತಿಯವರಿಗೆ,

ತಂಗಿಯ ಮನೆಯಿಂದ ಬರೆಯುತ್ತಿದ್ದೇನೆ. ಕಾಲಿನ ಊತ ಇಳಿಯಿತೇ? ಪ್ಲಾಸ್ಟರಿನೊಳಗೆ ತುರಿಸಿದರೆ ಕಡ್ಡಿ ಹಾಕಬೇಡಿ, ನಿಮ್ಮ ಮಗಳು ನರ್ಸ್, ಅವಳಿಗೆ ಹೇಳಿ.

ಹಾಗೆ ಹಠಾತ್ತಾಗಿ ಹೊರಟುಬಂದದ್ದು ಸರಿಯಲ್ಲವೆಂದು ಮಗ ಫೋನಿನಲ್ಲಿ ಹೇಳಿದ. ತಂಗಿಗೆ ಹುಷಾರಿಲ್ಲ, ಏನು ಮಾಡಲಿ ಎಂದೆ.

ಕಾರ್ಪೆಟ್ ಜಾರುತ್ತದೆ ಎಂದು ಅದನ್ನು ಬಿಚ್ಚಿದ ದಿನವೇ ನಾನು ಹೇಳಿದ್ದೆ, ಅಡಿಗೆ ರಬ್ಬರ್ ಹಾಕಿಸಿ ಎಂದೂ ಹೇಳಿದ್ದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ನೀವು ಬಂದ ನಾಲ್ಕನೆಯ ದಿನ ಮಗುವಿನ ಹಿಂದೆ ಓಡಿ, ಅದರ ಮೇಲೆ ಜಾರಿ ಬಿದ್ದು ಕಾಲು ಮುರಿದುಕೊಂಡಿರಿ. ಆಸ್ಪತ್ರೆಯಲ್ಲಿ ನಾನು ಬಾಯಿ ಕಟ್ಟಿಕೊಂಡಿದ್ದೆ, ಮನೆಗೆ ಬಂದ ಮೇಲೂ ಕಟ್ಟಿಕೊಂಡಿದ್ದೆ. ನೋವಿನಲ್ಲಿರುವವರಿಗೆ ನಾನು ಹೇಳಿದ್ದೆನಲ್ಲ ಎಂದು ಹೇಳುವಷ್ಟು ಕೆಟ್ಟವಳಲ್ಲ. ಮುಖ ತೊಳೆಸಿದೆ, ತಲೆ ಬಾಚಿದೆ, ತಟ್ಟೆ ತಂದುಕೊಟ್ಟೆ. ಅದರಲ್ಲಿ ನನಗೆ ಬೇಸರವಿರಲಿಲ್ಲ, ಇದನ್ನು ನೀವು ನಂಬಬೇಕು.

ಆದರೆ ಆ ಮಂಗಳವಾರ ನಿಮಗೆ ಹಾಲು ತಂದಾಗ ಗುಂಡಿ ನಿಮ್ಮ ಪ್ಲಾಸ್ಟರಿನ ಮೇಲೆ ಗೊಂಬೆ ಮಲಗಿಸಿಕೊಂಡಿದ್ದಳು. ಲೋಟ ಎಲ್ಲಿಡಲಿ ಎಂದು ನೋಡುತ್ತಿದ್ದೆ. "ಮಿಷಿನ್ ಅಜ್ಜಿ, ನೀನು ಒಳಗೆ ಹೋಗು. ನಾವು ಆಟ ಆಡ್ತಿದೀವಿ" ಎಂದಳು. ನೀವು ನಕ್ಕಿರಿ. ಮಕ್ಕಳ ಮಾತಿಗೆ ಯಾರಾದರೂ ನಗುತ್ತಾರೆ, ತಪ್ಪಲ್ಲ. ಒಳಗೆ ಹೋದೆ. ಹೋದವಳು ಬಟ್ಟೆ ತುಂಬಿಕೊಂಡೆ.

ತಂಗಿಯ ಮನೆ ಚೆನ್ನಾಗಿದೆ. ಎಲ್ಲವೂ ಜಾಗದಲ್ಲಿದೆ. ನನಗೆ ಅತಿಥಿಗಳ ಕುರ್ಚಿ ಕೊಟ್ಟಿದ್ದಾರೆ, ಬೆನ್ನು ನೆಟ್ಟಗಿಟ್ಟು ಕೂರುತ್ತೇನೆ.

ನಿಮ್ಮ ಅಳಿಯನ ತಾಯಿ


ಏಪ್ರಿಲ್ 12

ಬೀಗಿತ್ತಿಯವರಿಗೆ,

ಮಲಗಿಕೊಂಡೇ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಓದಿಕೊಳ್ಳಿ. ನಿಮ್ಮ ತಂಗಿಯವರಿಗೆ ಹುಷಾರಿಲ್ಲವೆಂದು ವಿಚಾರಿಸಲು ಫೋನ್ ಮಾಡಿದ್ದೆ. ಹಾಡು ಗುನುಗುತ್ತಲೇ ಎತ್ತಿಕೊಂಡರು. ನಾನೇನೂ ಕೇಳಲಿಲ್ಲ, ರಾಂಗ್ ನಂಬರ್ ಎಂದು ಇಟ್ಟುಬಿಟ್ಟೆ.

ಆ ದಿನ ನಾನು ನಗಬಾರದಿತ್ತು. ಒಳಗೊಳಗೇ ಖುಷಿಯಾಗಿತ್ತು, ಅದು ಹೊರಗೆ ಬಂತು. ಸುಳ್ಳು ಹೇಳಿ ಏನಾಗಬೇಕು.

ನೀವು ಹೋದ ಮೇಲಿನ ಕಥೆ ಕೇಳಿ. ಮೊದಲ ಎರಡು ದಿನ ಮಗು ನನ್ನನ್ನು ಬಿಟ್ಟು ಅಲ್ಲಾಡಲಿಲ್ಲ. ಇನ್ನೇನು ಬೇಕು ನನಗೆ ಎಂದುಕೊಂಡೆ. ಮೂರನೆಯ ದಿನ ಮಧ್ಯಾಹ್ನ ನಿದ್ದೆಯ ಹೊತ್ತಿಗೆ ಕಾಣಿಸಲಿಲ್ಲ. ಕೂಗಿದೆ, ಓ ಎನ್ನಲಿಲ್ಲ. ನನಗೆ ಏಳಲು ಆಗುವುದಿಲ್ಲ. ಅಳಿಯಂದಿರು ರಜೆ ಹಾಕಿ ಮನೆಯಲ್ಲಿದ್ದರು, ಹುಡುಕಿದರು. ನಿಮ್ಮ ಕೋಣೆಯಲ್ಲಿ ಮಿಷಿನ್ನಿನ ಕೆಳಗೆ, ಪೆಡಲ್ ಮೇಲೆ ತಲೆಯಿಟ್ಟು ಮಲಗಿದ್ದಳಂತೆ. ಎತ್ತಿ ತಂದು ನನ್ನ ಪಕ್ಕ ಮಲಗಿಸಿದರು. ಎಚ್ಚರವಾದ ಕೂಡಲೇ ಮತ್ತೆ ಅಲ್ಲಿಗೇ ಹೋದಳು. ದಿನಾ ಇದೇ. ನಾನು ಇಲ್ಲಿ ಕಿಟಕಿಯ ಪಕ್ಕ ರಾಣಿಯ ಹಾಗೆ ಬಿದ್ದುಕೊಂಡು ಖಾಲಿ ಕೋಣೆಯ ಬಾಗಿಲು ನೋಡುತ್ತಿರುತ್ತೇನೆ. ಒಂದು ಕಬ್ಬಿಣದ ಮಿಷಿನ್ ಮೇಲೆ ಹೊಟ್ಟೆ ಉರಿಯುತ್ತದೆ ಎಂದರೆ ಯಾರಾದರೂ ನಂಬಿಯಾರೇ?

ಆದರೆ ಕಾಗದ ಬರೆದದ್ದು ಅದಕ್ಕಲ್ಲ. ಮಗಳ ವಿಷಯ. ಹಗಲು ನನ್ನನ್ನೂ ಮಗುವನ್ನೂ ನೋಡಿಕೊಳ್ಳಬೇಕೆಂದು ಅವಳು ರಾತ್ರಿ ಪಾಳಿ ತೆಗೆದುಕೊಂಡಿದ್ದಾಳೆ. ಬೆಳಿಗ್ಗೆ ಬರುತ್ತಾಳೆ, ಚಪ್ಪಲಿ ಬಿಡುತ್ತಾಳೆ, ನೇರ ಅಡುಗೆಮನೆಗೆ ಹೋಗುತ್ತಾಳೆ. ಟೀ ಮಾಡಿಕೊಂಡು ಡಬ್ಬ ಇಳಿಸಲು ಇಟ್ಟಿರುವ ಸ್ಟೂಲಿನ ಮೇಲೆ ಕೂತು ಕುಡಿಯುತ್ತಾಳೆ. ಊಟ ಕಟ್ಟೆಗೆ ಒರಗಿ ನಿಂತು. ದಿವಾನದಿಂದ ಅವಳ ಬೆನ್ನಷ್ಟೇ ಕಾಣುತ್ತದೆ. ಒಂದು ವಾರ ನೋಡಿದೆ. ಈ ಹಾಲ್‌ನಲ್ಲಿ ಅವಳು ಕೂತಿದ್ದನ್ನು ಒಂದು ಸಲವೂ ನೋಡಲಿಲ್ಲ. ಮೊನ್ನೆ ಕರೆದೆ, ಬಾ, ಇಲ್ಲಿ ಕೂತು ಕುಡಿ ಎಂದೆ. ಲೋಟ ಹಿಡಿದು ಬಾಗಿಲವರೆಗೆ ಬಂದಳು. ಮೆಲ್ಲಗೇ ಹೇಳಿದಳು.

"ಎಲ್ಲಿ ಕೂತ್ಕೊಳ್ಳಲಮ್ಮ? ದಿವಾನದಲ್ಲಿ ನೀನಿದೀಯ. ಸೋಫಾ ಮೇಲೆ ಕೂತ್ರೆ ಅತ್ತೆ ಕವರ್ ನೋಡ್ತಾರೆ, ಯೂನಿಫಾರಂ ಕೊಳೆ ಅಂತ. ಆ ಕುರ್ಚಿ ಇವರದ್ದು. ಎಲ್ಲರೂ ಎಲ್ಲರ ಮುಖ ನೋಡೋ ಹಾಗೆ ಮಾಡಿಟ್ಟಿದೀರ. ರಾತ್ರಿಯೆಲ್ಲ ಇಪ್ಪತ್ತು ಜನರ ಮುಖ ನೋಡಿ ಬರ್ತೀನಿ. ನಂಗೆ ಯಾರ ಮುಖಾನೂ ನೋಡೋದು ಬೇಡ. ಇಬ್ರೂ ಇಷ್ಟು ಕಾಗದ ಬರೆದ್ರಿ, ನಂಗೆಲ್ಲಿ ಕೂರೋಕೆ ಇಷ್ಟ ಅಂತ ಒಬ್ರೂ ಕೇಳಲಿಲ್ಲ."

ಅಷ್ಟು ಹೇಳಿ ಲೋಟ ತೊಳೆಯಲು ಹೋದಳು. ಸೋಫಾ ಕೊಳ್ಳಲು ಬಂದವರನ್ನು ದಿನವಿಡೀ ಕೇಳುತ್ತಿದ್ದೆ, ಮನೆಯಲ್ಲಿ ಎಷ್ಟು ಜನ, ಯಾರು ಎಷ್ಟು ಹೊತ್ತು ಕೂರುತ್ತಾರೆ ಎಂದು. ಸ್ವಂತ ಮಗಳನ್ನು ಕೇಳಲಿಲ್ಲ.

ನನ್ನ ಮೇಲಿನ ಸಿಟ್ಟು ಹಾಗೇ ಇರಲಿ, ಅದನ್ನು ಬಿಟ್ಟುಬಿಡಿ ಎನ್ನುವುದಿಲ್ಲ. ಆದರೆ ಬನ್ನಿ.

ನಿಮ್ಮ ಸೊಸೆಯ ತಾಯಿ


ಏಪ್ರಿಲ್ 17

ಬೀಗಿತ್ತಿಯವರಿಗೆ,

ಕಾಗದ ಓದಿ ಮೊದಲು ಸಿಟ್ಟೇ ಬಂತು. ಕವರ್ ನೋಡುತ್ತಾರೆ ಎಂದಳಂತೆ. ನಾನು ಯಾವಾಗ ನೋಡಿದೆ? ತಂಗಿಯನ್ನು ಕೇಳಿದೆ, ನಾನು ಹಾಗೆ ನೋಡುವವಳೇ ಎಂದು. ನೀನು ಈಗಲೂ ನನ್ನ ದಿಂಬಿನ ಹೊಲಿಗೆ ನೋಡ್ತಿದೀಯಲ್ಲೇ ಎಂದಳು.

ಅವಳು ಸ್ಟೂಲಿನ ಮೇಲೆ ಕೂರುವುದು ನನಗೆ ಹೊಸದಲ್ಲ. ಮದುವೆಯಾಗಿ ಬಂದಾಗಿನಿಂದ ನೋಡಿದ್ದೇನೆ. ನನ್ನ ಜೊತೆ ಕೂರಲು ಇಷ್ಟವಿಲ್ಲ, ಅದಕ್ಕೇ ಒಳಗೇ ಉಳಿಯುತ್ತಾಳೆ ಎಂದುಕೊಂಡಿದ್ದೆ. ಅದಕ್ಕಾಗಿಯೇ ಎಷ್ಟೋ ಸಂಜೆ ಮುಖ ಊದಿಸಿಕೊಂಡಿದ್ದೆ. ನೀವು ಬಂದಾಗ ಮಾತ್ರ ಹಾಲ್‌ಗೆ ಬರುತ್ತಾಳೆ, ತಾಯಿಯಾದರೆ ಆಗುತ್ತದೆ ಎಂದು ಹೊಟ್ಟೆಕಿಚ್ಚು ಪಟ್ಟಿದ್ದೆ. ನೀವು ಬಂದಾಗಲೂ ಅವಳು ಬಾಗಿಲಲ್ಲೇ ನಿಂತಿರುತ್ತಾಳೆ ಎಂದು ಈಗ ತಿಳಿಯಿತು. ನಿಜ ಹೇಳಿದರೆ, ಅದನ್ನು ಓದಿ ಒಂದು ಗಳಿಗೆ ನೆಮ್ಮದಿಯಾಯಿತು. ಆಮೇಲೆ ನಾಚಿಕೆಯಾಯಿತು.

ಮಿಷಿನ್ನಿನ ಪೆಡಲ್ ಮೇಲೆ ಮಗು ಮಲಗುವ ವಿಷಯವನ್ನು ಮೂರು ಸಲ ಓದಿದೆ. ನೀವು ಅದನ್ನು ಬರೆಯದೆಯೂ ಇರಬಹುದಿತ್ತು. ನಾನಾಗಿದ್ದರೆ ಬರೆಯುತ್ತಿರಲಿಲ್ಲ.

ಶನಿವಾರ ಮಧ್ಯಾಹ್ನದ ಬಸ್ಸಿಗೆ ಹೊರಡುತ್ತೇನೆ. ಅವಳಿಗೆ ಈಗಲೇ ಹೇಳಬೇಡಿ. ನಾನು ಬರುವವರೆಗೆ ಏನನ್ನೂ ಸರಿಸಬೇಡಿ, ನೀವೊಬ್ಬರೇ ಮೆಚ್ಚುಗೆ ಗಿಟ್ಟಿಸಿಬಿಡುತ್ತೀರಿ.

ನಿಮ್ಮ ಅಳಿಯನ ತಾಯಿ


ಜೂನ್ 9

ಬೀಗಿತ್ತಿಯವರಿಗೆ,

ಮನೆ ಸೇರಿದಿರಿ, ಕೋಲಿಲ್ಲದೆ ಅಂಗಡಿಯವರೆಗೆ ನಡೆದಿರಿ ಎಂದು ತಿಳಿದು ಸಮಾಧಾನವಾಯಿತು.

ನಾನು ಮರಳಿ ಬಂದ ದಿನ ನಾವಿಬ್ಬರೂ ಅವಳನ್ನು ಎದುರಿಗೆ ನಿಲ್ಲಿಸಿಕೊಂಡು, ಹೇಳು ನಿನಗೆಲ್ಲಿ ಬೇಕು ಎಂದು ಕೇಳಿದಾಗ ಅವಳು ತೋರಿಸಿದ ಜಾಗ ನೆನಪಾದರೆ ಈಗಲೂ ನಗು ಬರುತ್ತದೆ. ಬಾಗಿಲ ಹಿಂದಿನ ಕತ್ತಲ ಮೂಲೆ. ಚಪ್ಪಲಿ ಸ್ಟ್ಯಾಂಡ್ ಇದ್ದ ಜಾಗ. ನೀವು ಕಿಟಕಿ ಎಂದು ಒಂದು ಮಾತು ಶುರು ಮಾಡಿದಿರಿ, ನಾನು ನಿಮ್ಮ ಕೈ ಚಿವುಟಿದೆ. ರಾತ್ರಿಯಿಡೀ ಟ್ಯೂಬ್‌ಲೈಟಿನ ಕೆಳಗೆ ಕೆಲಸ ಮಾಡಿದವಳಿಗೆ ಬೆಳಕು ಯಾಕೆ ಬೇಕು, ನಮಗೆ ಹೊಳೆದಿರಲೇ ಇಲ್ಲ.

ಕುರ್ಚಿ ಬಂದು ಹತ್ತು ದಿನವಾಯಿತು. ನೀವು ಹೇಳಿದ ಹಾಗೇ ಬೆನ್ನು ಎತ್ತರ, ಕೈ ಅಗಲ, ಟೀ ಲೋಟ ನಿಲ್ಲುತ್ತದೆ. ಕಾಲು ಚಾಚಲು ಮೆತ್ತನೆಯ ಮಣೆ ನಾನು ಮಾಡಿದೆ, ಹಳೆಯ ಕಂಬಳಿ ತುಂಬಿ. ಕವರ್ ಕಡುನೀಲಿ. ಕೊಳೆ ಕಂಡರೆ ತಾನೇ ನಾನು ನೋಡುವುದು. ಮೊದಲ ದಿನ ಪಾಳಿ ಮುಗಿಸಿ ಬಂದು ಅದರಲ್ಲಿ ಕೂತು ಕಾಲು ಚಾಚಿದಳು. ಟೀ ತಂದೆ. ಲೋಟ ತೆಗೆದುಕೊಳ್ಳುವ ಮೊದಲೇ ನಿದ್ದೆ ಹೋಗಿದ್ದಳು. ಬಾಯಿ ಸ್ವಲ್ಪ ತೆರೆದಿತ್ತು. ನಿಮ್ಮ ಮಗಳು ಚಿಕ್ಕವಳಿದ್ದಾಗ ಹೇಗಿದ್ದಳು ಎಂದು ಆಗ ಗೊತ್ತಾಯಿತು.

ದಿವಾನವನ್ನು ಎದುರು ಗೋಡೆಗೆ ಸರಿಸಿದ್ದೇವೆ, ನಾವು ಕಾದಾಡಿದ ಕಿಟಕಿ ಪಕ್ಕದ ಜಾಗದಲ್ಲಿ ಈಗ ಬಟ್ಟೆ ಒಣಹಾಕುವ ಸ್ಟ್ಯಾಂಡ್ ನಿಂತಿದೆ. ಬಿಸಿಲು ಚೆನ್ನಾಗಿ ಬೀಳುತ್ತದೆ. ಅಲ್ಲಿ ನನ್ನ ಮಗನ ಬನಿಯನ್ನುಗಳು ಆಡುತ್ತಿರುತ್ತವೆ.

ಇನ್ನೊಂದು ವಿಷಯ. ಇದನ್ನು ಯಾರಿಗೆ ಹೇಳಲಿ, ನಿಮಗಲ್ಲದೆ. ಮಗು ಈಗ ಮಿಷಿನ್ನಿನ ಹತ್ತಿರವೂ ಬರುವುದಿಲ್ಲ, ದಿವಾನದ ಕಡೆಗೂ ಹೋಗುವುದಿಲ್ಲ. ತಾಯಿ ಆ ಕುರ್ಚಿಯಲ್ಲಿ ಕೂತಳೆಂದರೆ ಓಡಿ ಬಂದು ತೊಡೆ ಏರಿ, ಅವಳ ಕುತ್ತಿಗೆಯಲ್ಲಿ ಮುಖ ಹುದುಗಿಸಿ ಇಬ್ಬರೂ ಮಲಗಿಬಿಡುತ್ತಾರೆ. ಕೆಲಸಕ್ಕೆ ಹೋಗುವ ತಾಯಿ, ಅವಳು ಒಂದು ಕಡೆ ಕೂರುವುದನ್ನೇ ಮಗು ಇಷ್ಟು ದಿನ ಕಾಯುತ್ತಿತ್ತೋ ಏನೋ. ನಿನ್ನೆ ತಲೆ ಬಾಚೋಣ ಬಾ ಎಂದು ಕರೆದೆ. ಅಮ್ಮ ಬಾಚ್ತಾಳೆ ಎಂದಳು. ಬಾಚಣಿಗೆ ಕೈಯಲ್ಲೇ ಉಳಿಯಿತು.

ಒಳ್ಳೆಯದಾಯಿತು ಎಂದು ಬಾಯಿ ಹೇಳುತ್ತದೆ. ಹೊಟ್ಟೆ ಬೇರೆಯೇ ಹೇಳುತ್ತದೆ. ಸೊಸೆಯ ಮೇಲೆ ಹೀಗೆ ಹೊಟ್ಟೆಕಿಚ್ಚು ಪಡುವುದು ಎಲ್ಲಾದರೂ ಉಂಟೇ? ನಿಮಗೆ ಈ ರೋಗವಿಲ್ಲ ಬಿಡಿ, ನೀವು ಹೆತ್ತವರು.

ಮಿಷಿನ್ ಅಜ್ಜಿ


ಜೂನ್ 18

ಅಕ್ಕಾ,

ಹಾಗೆ ಕರೆಯಬಹುದೆಂದುಕೊಂಡಿದ್ದೇನೆ. ಬೀಗಿತ್ತಿ ಎಂದು ಬರೆದಾಗಲೆಲ್ಲ ಕಾಗದ ತಾನಾಗಿಯೇ ಜಗಳಕ್ಕೆ ನಿಲ್ಲುತ್ತದೆ.

ಹೆತ್ತವರಿಗೆ ಈ ರೋಗವಿಲ್ಲ ಎಂದು ಯಾರು ಹೇಳಿದರು ನಿಮಗೆ? ಕೇಳಿ. ಈ ಭಾನುವಾರ ಫೋನ್ ಮಾಡಿದ್ದೆ. ಅಳಿಯಂದಿರು ಎತ್ತಿಕೊಂಡು ಮಗುವನ್ನು ಕರೆದರು. ಎಷ್ಟೋ ಹೊತ್ತು ಯಾರೂ ಬರಲಿಲ್ಲ. ಆಮೇಲೆ ಫೋನನ್ನೇ ಆ ಮೂಲೆಗೆ ಒಯ್ದರೆಂದು ಕಾಣುತ್ತದೆ, ಪರದೆಯ ತುಂಬ ಕತ್ತಲು. ಆ ಕತ್ತಲೊಳಗಿಂದ ನನ್ನ ಮಗಳು ಏನೋ ಪಿಸುಗುಟ್ಟಿದ್ದು ಕೇಳಿಸಿತು, ಮಗು ಕಿಲಕಿಲ ನಕ್ಕಿದ್ದು ಕೇಳಿಸಿತು. ಏನು ಹೇಳಿದಳೋ ನನಗೆ ತಿಳಿಯಲಿಲ್ಲ. ನಾನು ಹಲೋ ಹಲೋ ಎನ್ನುತ್ತಲೇ ಇದ್ದೆ. ಕೊನೆಗೆ ಮಗು ಹತ್ತಿರ ಬಂದು ಹೇಳಿತು.

"ಬಸ್ಸಜ್ಜಿ, ಆಮೇಲೆ ಮಾಡು. ನಾನು ಅಮ್ಮನ ಹತ್ರ ಇದೀನಿ."

ಫೋನ್ ಕಟ್ಟಾಯಿತು.

ಅವಳು ಚಿಕ್ಕವಳಿದ್ದಾಗ ನಾನು ಅಂಗಡಿಯಿಂದ ಬರುವಷ್ಟರಲ್ಲಿ ಮಲಗಿಬಿಟ್ಟಿರುತ್ತಿದ್ದಳು. ಹಾಗೆ ತೊಡೆಯ ಮೇಲೆ ಕೂರಿಸಿಕೊಂಡು ಪಿಸುಗುಟ್ಟಿದ ನೆನಪು ನನಗಿಲ್ಲ. ದಿನವಿಡೀ ಬೇರೆಯವರ ಮನೆಗೆ ಸೋಫಾ ಮಾರುತ್ತಿದ್ದೆ. ನನ್ನ ಮೊಮ್ಮಗಳ ಮೇಲೆ ನನಗೆ ಹೊಟ್ಟೆ ಉರಿಯಿತೋ, ನನ್ನ ಮಗಳ ಮೇಲೋ, ಸರಿಯಾಗಿ ಹೇಳಲಾರೆ. ಇಬ್ಬರ ಮೇಲೂ ಇರಬೇಕು.

ನೀವು ಮುಂದಿನ ವಾರ ಇಲ್ಲಿಗೆ ಬನ್ನಿ. ಅಲ್ಲಿ ಬಾಚಣಿಗೆ ಹಿಡಿದು ಕೂತು ಏನು ಮಾಡುತ್ತೀರಿ? ನಮ್ಮದು ಒಂದೇ ಕೋಣೆ, ಹಾಲ್ ಎನ್ನುವುದೂ ಅದೇ, ಮಲಗುವುದೂ ಅದರಲ್ಲೇ. ನಮ್ಮವರು ಮಧ್ಯಾಹ್ನ ಊಟಕ್ಕೆ ಬಂದು ಹೋದರೆ ಸಂಜೆಯವರೆಗೆ ಬರುವುದಿಲ್ಲ. ಇಬ್ಬರೂ ಕೂತು ಅವರಿಬ್ಬರ ಮೇಲೆ ಚಾಡಿ ಹೇಳಿಕೊಳ್ಳೋಣ.

ಭಾನುವಾರ ನಾನು ಫೋನ್ ಕೈಯಲ್ಲಿ ಹಿಡಿದು ಹಾಗೇ ನಿಂತಿದ್ದನ್ನು ನೋಡಿ ನಮ್ಮವರು, ಏನಂತೆ ಮೊಮ್ಮಗಳು ಎಂದು ಕೇಳಿದರು.

ಬಿಡುವಿಲ್ಲವಂತೆ ಎಂದೆ.

ನಿಮ್ಮ ಬಸ್ಸಜ್ಜಿ